ಬೈಕಿನ ಹಾಡು ಯಾಕೆ ಕಿವಿ ಕೊರೆಯುತ್ತದೆ?

ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್. ಕೆಂಪು ಮರಳುಗಲ್ಲಿನ ಗುಡ್ಡಗಳನ್ನು ಬೆನ್ನಿಗೆ ಬಿಟ್ಟು, ಜೋಳದ ಹೊಲಗಳ ನಡುವೆ ಮಲಪ್ರಭೆಯ ದಂಡೆಗೆ ಬಂದು ಸೇರುವ ಈ ದಾರಿಯಲ್ಲಿ ಹಾಡು ಹಾಕಿಕೊಂಡು ಹೋಗುವ ಬೈಕುಗಳು ಎದುರಾಗುತ್ತಲೇ ಇರುತ್ತವೆ. ಹ್ಯಾಂಡಲ್ ಹತ್ತಿರವೋ ಸೈಡ್ ಬಾಕ್ಸಿನೊಳಗೋ ನಾಲ್ಕು ಇಂಚಿನ ಎರಡು ಸ್ಪೀಕರು, ಸೀಟಿನಡಿ ಒಂದು ಆಂಪ್ಲಿಫೈಯರ್ ಬೋರ್ಡು, ಬ್ಲೂಟೂತ್ ಹಿಡಿಯುವ ಪುಟ್ಟ ಕಿಟ್ಟು, ಬ್ಯಾಟರಿಯಿಂದ ಎಳೆದ ಎರಡು ವೈರು. ಬಾಗಲಕೋಟೆ, ಹುನಗುಂದ, ಇಳಕಲ್ಲಿನ ಪೇಟೆಗಳಲ್ಲಿ ಇಷ್ಟನ್ನು ಕೂಡಿಸಿಕೊಡಬಲ್ಲ ಎಲೆಕ್ಟ್ರಾನಿಕ್ಸ್ ರಿಪೇರಿಯವರು ಸಿಗುತ್ತಾರೆ. ಕೂಡಿಸಿಕೊಂಡು ಹೋದವರಲ್ಲಿ ಅನೇಕರು ಮತ್ತೆ ಅದೇ ಅಂಗಡಿಗೆ ಬಂದು ಹೇಳುವ ಮಾತೂ ಒಂದೇ:

“ಅಣ್ಣಾರ, ಕಿವಿ ಕೊರಿಯಾಕತ್ತೈತ್ರಿ. ಸ್ವಲ್ಪ ಸೆಟ್ ಮಾಡಿಕೊಡ್ರಿ.”

“ಟ್ರೆಬಲ್ ಇಳಸ್ರಿ, ಬೇಸ್ ಏರಸ್ರಿ” ಎಂಬುದು ರೂಢಿಯ ಉತ್ತರ. ಕೇಳಲು ಸರಿ ಎನಿಸುವ ಈ ಸಲಹೆ ಬಹಳ ಸಲ ತೊಂದರೆಯನ್ನು ಹೆಚ್ಚಿಸುತ್ತದೆ. ಯಾಕೆಂದರೆ ಕರ್ಕಶತೆ ಒಂದು ಗುಂಡಿಯಲ್ಲಿ ಹುಟ್ಟುವುದಿಲ್ಲ. ನಮ್ಮ ಕಿವಿಯ ರಚನೆ, ಓಡುವ ಗಾಡಿಯ ಸುತ್ತಲಿನ ಗಾಳಿ, ಸಣ್ಣ ಸ್ಪೀಕರಿನ ಮಿತಿ, 12 ವೋಲ್ಟಿನ ಬ್ಯಾಟರಿ, ಗೋಡೆಯಿಲ್ಲದ ಬಯಲು, ಇವು ಐದೂ ಸೇರಿ ಅದನ್ನು ಹುಟ್ಟಿಸುತ್ತವೆ. ಇವುಗಳ ವಿಜ್ಞಾನ ತಿಳಿದವರು ಹೊಸ ಸಾಮಾನು ಕೊಳ್ಳದೆಯೇ ಅರ್ಧ ಕೆಲಸ ಮುಗಿಸಬಲ್ಲರು. ಕರ್ಕಶತೆಗೆ ಮದ್ದು ಕೂಡಿಸುವುದರಲ್ಲಿಲ್ಲ, ಕಳೆಯುವುದರಲ್ಲಿದೆ. ಆ ಕಳೆಯುವಿಕೆಗೂ ಒಂದು ಕ್ರಮವಿದೆ. ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಅದನ್ನೇ.

ಕಿವಿಯ ಪಕ್ಷಪಾತ

ಕಿವಿ ಎಲ್ಲ ಸ್ವರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಹೊರಗಿವಿಯಿಂದ ತಮಟೆಯವರೆಗಿನ ನಾಳ ಸುಮಾರು 2.5 ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಇಂಥ ಕೊಳವೆಯಲ್ಲಿ, ಅದರ ಉದ್ದದ ನಾಲ್ಕು ಪಟ್ಟು ತರಂಗಾಂತರವಿರುವ ಸ್ವರ ಅನುನಾದಗೊಂಡು ಬಲಿಯುತ್ತದೆ. ಅಂದರೆ 10 ಸೆಂಟಿಮೀಟರಿನ ತರಂಗ. ಬೇಸಿಗೆಯ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ ಎಂದು ಹಿಡಿದರೆ, ಆ ಸ್ವರದ ಆವೃತ್ತಿ 3500 ಹರ್ಟ್ಸ್. ಹೀಗಾಗಿ 2000ದಿಂದ 5000 ಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ನಮ್ಮ ಕಿವಿ ಹೆಚ್ಚು ಚುರುಕು. ಮಗುವಿನ ಅಳುವಿನ ತೀಕ್ಷ್ಣ ಭಾಗ, ಮಾತಿನ ಅನೇಕ ವ್ಯಂಜನಗಳು, ಹಾರ್ಮೋನಿಯಮ್ಮಿನ ರೀಡುಗಳ ಚೂಪು ಎಲ್ಲ ಈ ಪಟ್ಟಿಯಲ್ಲೇ ಬರುತ್ತವೆ.

ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವಿ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲಿ ಈ ಪಕ್ಷಪಾತವನ್ನು ಅಳೆದು ಗೆರೆ ಎಳೆದರು. 1000 ಹರ್ಟ್ಸಿನ ಮೆಲುಸ್ವರವೊಂದು 40 ಡೆಸಿಬಲ್‌ನಲ್ಲಿ ಕೇಳಿಸುವಷ್ಟೇ ಜೋರಾಗಿ 100 ಹರ್ಟ್ಸಿನ ಸ್ವರ ಕೇಳಿಸಬೇಕಾದರೆ ಅದಕ್ಕೆ ಇನ್ನೂ 20 ಡೆಸಿಬಲ್‌ಗೂ ಹೆಚ್ಚು ಬಲ ಬೇಕು. ಸದ್ದು ಏರಿದಂತೆ ಈ ವ್ಯತ್ಯಾಸ ಕಡಿಮೆಯಾಗುತ್ತದಾದರೂ ಮಧ್ಯದ ಚುರುಕು ಪಟ್ಟಿ ಹೋಗುವುದಿಲ್ಲ. ಯಾವುದೇ ಸ್ಪೀಕರಿನಲ್ಲಿ ತಳದ ಸ್ವರ ಕಡಿಮೆಯಾದರೆ ಉಳಿದದ್ದು ತಾನಾಗಿ ಚೂಪಾಗುತ್ತದೆ. “ಟ್ರೆಬಲ್ ಹೆಚ್ಚಾಗೈತಿ” ಎಂದು ನಾವು ದೂರುವಾಗ, ನಿಜವಾಗಿ ಕೊರತೆಯಿರುವುದು ಕೆಳಗೆ.

ಗಾಳಿ ಏನನ್ನು ಕದಿಯುತ್ತದೆ

ಆ ಕೆಳಗಿನ ಸ್ವರವನ್ನು ಮೊದಲು ಕದಿಯುವುದು ಗಾಳಿ. ಗಾಡಿ ಓಡುವಾಗ ಹೆಲ್ಮೆಟ್ಟಿನ ಅಂಚು, ಕನ್ನಡಿ, ಭುಜಗಳ ಸುತ್ತ ಗಾಳಿ ಸುಳಿಸುಳಿಯಾಗಿ ಒಡೆಯುತ್ತದೆ. ಈ ಸುಳಿಗಳ ಗದ್ದಲದ ಬಹುಪಾಲು ಕೆಳ ಆವೃತ್ತಿಗಳಲ್ಲಿರುತ್ತದೆ. ಗಟ್ಟಿ ಮೈಗಳಿಗೆ ಬಡಿಯುವ ಗಾಳಿಯ ಸದ್ದು ವೇಗದ ಸುಮಾರು ಆರನೆಯ ಘಾತದಂತೆ ಏರುತ್ತದೆ ಎನ್ನುತ್ತದೆ ಸಿದ್ಧಾಂತ. ಅಂದರೆ 40 ಕಿಲೋಮೀಟರ್ ವೇಗದಲ್ಲಿದ್ದವರು 80ಕ್ಕೆ ಏರಿದರೆ ಸದ್ದು 18 ಡೆಸಿಬಲ್‌ನಷ್ಟು ಹೆಚ್ಚಬಹುದು. ಶಕ್ತಿಯ ಲೆಕ್ಕದಲ್ಲಿ ಇದು 64 ಪಟ್ಟು. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿಸದ್ದೇ 90 ಡೆಸಿಬಲ್ ದಾಟುತ್ತದೆ.

ಜೋರಾದ ಕೆಳಸದ್ದು ತನ್ನ ಆಸುಪಾಸಿನ ಮತ್ತು ತನಗಿಂತ ಮೇಲಿನ ಸ್ವರಗಳನ್ನು ಮುಚ್ಚಿಹಾಕುತ್ತದೆ. ಇದಕ್ಕೆ ಮರೆಮಾಚುವಿಕೆ ಎನ್ನುತ್ತಾರೆ. ಹಾಡಿನ ತಬಲಾದ ಎಡಗೈ, ಡೊಳ್ಳಿನ ಗುಮುಕು, ಬೇಸ್ ಗಿಟಾರು ಮೊದಲು ಮುಳುಗುತ್ತವೆ. ಸವಾರ ವಾಲ್ಯೂಮ್ ಏರಿಸುತ್ತಾನೆ. ಏರಿದ್ದರಲ್ಲಿ ಅವನ ಕಿವಿ ತಲುಪುವುದು ಹೆಚ್ಚಾಗಿ ಮಧ್ಯದ ಚೂಪುಪಟ್ಟಿಯೇ. ಮೇಲಾಗಿ ಪೂರ್ಣಮುಖದ ಹೆಲ್ಮೆಟ್ ಮೇಲುಸ್ವರಗಳನ್ನು ತಡೆಯುವುದರಿಂದ ಅವನು ಟ್ರೆಬಲ್ ಕೂಡ ಒಂದಿಷ್ಟು ಏರಿಸಿರುತ್ತಾನೆ.

ಹೀಗೆ 60ರ ವೇಗಕ್ಕೆ ಹೊಂದಿಸಿದ ಹಾಡಿನೊಂದಿಗೆ ಅವನು ಪಟ್ಟದಕಲ್ಲಿನ ದೇವಾಲಯಗಳ ಮುಂದೆ ಬಂದು ಬ್ರೇಕ್ ಹಾಕುತ್ತಾನೆ. ಗಾಳಿ ನಿಂತಿತು, ಹೆಲ್ಮೆಟ್ ತೆಗೆದಾಯಿತು. ಹಾಡು ಮಾತ್ರ ಗಾಳಿಯೊಂದಿಗೆ ಸೆಣಸುತ್ತಿದ್ದ ಅದೇ ಬಲದಲ್ಲಿ ಉಳಿದಿದೆ. ಸುತ್ತಲಿದ್ದವರಿಗೆ ಅದು ಕಿರಿಚಾಟ. ದಾರಿಯಲ್ಲಿ ಸರಿಯಾಗಿದ್ದ ಸ್ಪೀಕರು ನಿಂತಾಗ ಯಾಕೆ ಕೆಟ್ಟಂತೆ ಕೇಳುತ್ತದೆ ಎಂಬುದಕ್ಕೆ ಇದೇ ಕಾರಣ. ಹೋಂಡಾ ಗೋಲ್ಡ್ ವಿಂಗ್‌ನಂಥ ದೊಡ್ಡ ಪ್ರವಾಸಿ ಬೈಕುಗಳಲ್ಲಿ ವೇಗಕ್ಕೆ ತಕ್ಕಂತೆ ವಾಲ್ಯೂಮ್ ತಾನೇ ಏರಿಳಿಯುವ ಏರ್ಪಾಟಿದೆ. ನಮ್ಮ ಕಿಟ್ಟುಗಳಲ್ಲಿ ಆ ಕೆಲಸ ಸವಾರನ ಹೆಬ್ಬೆರಳಿನದು.

ಸಣ್ಣ ಕೋನಿನ ಕಷ್ಟ

ಇಂದು ನಾವು ಬಳಸುವ ಬಹುತೇಕ ಸ್ಪೀಕರುಗಳ ವಿನ್ಯಾಸ 1925ರದ್ದು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಆ ವರ್ಷ ಪ್ರಕಟಿಸಿದ ವಿನ್ಯಾಸದಲ್ಲಿ ಅಯಸ್ಕಾಂತದ ನಡುವೆ ತೂಗುವ ಸುರುಳಿಯೊಂದು ಕಾಗದದ ಕೋನನ್ನು ಹಿಂದೆ ಮುಂದೆ ದೂಡುತ್ತಿತ್ತು. ಮೂಲತತ್ವ ಇಂದಿಗೂ ಬದಲಾಗಿಲ್ಲ. ಅದರ ಕಷ್ಟವೂ ಬದಲಾಗಿಲ್ಲ: ಆವೃತ್ತಿ ಅರ್ಧಕ್ಕಿಳಿದರೆ, ಅಷ್ಟೇ ಒತ್ತಡದ ಸದ್ದು ಹುಟ್ಟಿಸಲು ಕೋನು ನಾಲ್ಕು ಪಟ್ಟು ದೂರ ಅಲ್ಲಾಡಬೇಕು. 1000 ಹರ್ಟ್ಸಿನಿಂದ 100 ಹರ್ಟ್ಸಿಗೆ ಇಳಿದರೆ ಬೇಕಾಗುವ ಅಲ್ಲಾಟ 100 ಪಟ್ಟು. ನಾಲ್ಕು ಇಂಚಿನ ಕೋನಿಗೆ ಅಷ್ಟು ಜಾಗವಿಲ್ಲ. ಬೇಸ್ ಗುಂಡಿ ತಿರುಗಿಸಿ ಒತ್ತಾಯಿಸಿದರೆ ಸುರುಳಿ ತನ್ನ ಅಯಸ್ಕಾಂತದ ಕ್ಷೇತ್ರದಿಂದ ಹೊರಬಂದು, ತೂಗುಪಟ್ಟಿ ಬಿಗಿದು, ಕೋನು ಒದರತೊಡಗುತ್ತದೆ. ಅದೇ ಕೋನು ಅದೇ ಹೊತ್ತಿಗೆ ಹಾಡುಗಾರ್ತಿಯ ಧ್ವನಿಯನ್ನೂ ಹೊತ್ತಿರುವುದರಿಂದ ಆ ಧ್ವನಿಯೂ ನಡುಗಿ ಒರಟಾಗುತ್ತದೆ.

ಇನ್ನೊಂದು ನಷ್ಟ ಪೆಟ್ಟಿಗೆಯದು. ಕೋನು ಮುಂದಕ್ಕೆ ಗಾಳಿಯನ್ನು ಒತ್ತುವಾಗ ಹಿಂದೆ ಗಾಳಿ ತೆಳುವಾಗುತ್ತದೆ. ಹಿಂದು ಮುಂದುಗಳ ನಡುವೆ ಮುಚ್ಚಿಗೆ ಇಲ್ಲದಿದ್ದರೆ, ಉದ್ದ ತರಂಗಗಳು ಅಂಚನ್ನು ಸುತ್ತಿಬಂದು ಒಂದನ್ನೊಂದು ಅಳಿಸಿಬಿಡುತ್ತವೆ. 100 ಹರ್ಟ್ಸಿನ ತರಂಗಾಂತರ ಮೂರೂವರೆ ಮೀಟರ್. ಅದಕ್ಕೆ ಹತ್ತು ಸೆಂಟಿಮೀಟರಿನ ಸ್ಪೀಕರಿನ ಅಂಚು ಲೆಕ್ಕಕ್ಕೇ ಇಲ್ಲ. ಜಾಲರಿ ಮಾತ್ರ ಹಾಕಿ ಹ್ಯಾಂಡಲ್ಲಿಗೆ ಬಿಗಿದ ಸ್ಪೀಕರು ಬೇಸ್ ಕೊಡದಿರುವುದು ಇದರಿಂದ. ಅದೇ ಸ್ಪೀಕರನ್ನು ಗಾಳಿ ಸೋರದ ಪೆಟ್ಟಿಗೆಯಲ್ಲಿ ಕೂಡಿಸಿದರೆ ಅದೇ ವ್ಯಾಟಿನಲ್ಲಿ ಸದ್ದು ತುಂಬಿಕೊಳ್ಳುತ್ತದೆ.

ಪೆಟ್ಟಿಗೆ ಅಲುಗಾಡಿದರೆ ಮತ್ತೊಂದು ತೊಂದರೆ ಹುಟ್ಟುತ್ತದೆ. ಒಂದೇ ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಅದರ ಮುಖ್ಯ ಅದುರು ಸೆಕೆಂಡಿಗೆ ಸುಮಾರು 67 ಸಲ. ಸಡಿಲಾದ ಜಾಲರಿಯೂ ತೆಳು ಪ್ಲಾಸ್ಟಿಕ್ಕೂ ಅದೇ ಲಯದಲ್ಲಿ ಗಡಗಡಿಸುತ್ತವೆ. ಶ್ರವಣ ವಿಜ್ಞಾನಿಗಳು ಅಳೆದಿರುವಂತೆ, ಒಂದು ಸ್ವರದ ಬಲ ಸೆಕೆಂಡಿಗೆ ಸುಮಾರು 70 ಸಲ ಏರಿಳಿದಾಗ ಅದು ಕಿವಿಗೆ ಅತ್ಯಂತ ಒರಟಾಗಿ ಕೇಳುತ್ತದೆ. ಬೈಕಿನ ಸಾಮಾನ್ಯ ಓಟದ ವೇಗವೂ ಕಿವಿ ಅತಿಯಾಗಿ ದ್ವೇಷಿಸುವ ಅದುರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬಂದು ಕೂಡುತ್ತವೆ. ಎರಡು ರಬ್ಬರ್ ವಾಷರು ಹಾಕಿ ಬೋಲ್ಟು ಬಿಗಿದಾಗ ಹಾಡು ಒಮ್ಮೆಗೇ ನುಣುಪಾದರೆ ಆಶ್ಚರ್ಯಪಡಬೇಕಿಲ್ಲ.

12 ವೋಲ್ಟಿನ ಚಾವಣಿ

ಡಬ್ಬದ ಮೇಲೆ 400 ವ್ಯಾಟ್ ಎಂದು ಅಚ್ಚಾಗಿರುವ ಪುಟ್ಟ ಆಂಪ್ಲಿಫೈಯರುಗಳು ಸಿಗುತ್ತವೆ. ಒಂದು ಸರಳ ಲೆಕ್ಕ ಮಾಡಿ ನೋಡೋಣ. ಎಂಜಿನ್ ಓಡುವಾಗ ಬ್ಯಾಟರಿಯ ತುದಿಯಲ್ಲಿ ಸುಮಾರು 14 ವೋಲ್ಟ್ ಇರುತ್ತದೆ. ವೋಲ್ಟೇಜನ್ನು ಏರಿಸುವ ಬೇರೆ ಸರ್ಕ್ಯೂಟ್ ಇಲ್ಲದ ಬೋರ್ಡಿನಿಂದ ಒಂದು ಸ್ಪೀಕರಿಗೆ ಸಿಗಬಹುದಾದ ತರಂಗದ ಗರಿಷ್ಠ ಎತ್ತರವೂ ಅಷ್ಟೇ, ಅದೂ ಸ್ಪೀಕರಿನ ಎರಡೂ ತುದಿಗಳನ್ನು ಎದುರುಬದುರಾಗಿ ನಡೆಸುವ ಬ್ರಿಡ್ಜ್ ಜೋಡಣೆಯಲ್ಲಿದ್ದರೆ. 14ರ ವರ್ಗವನ್ನು ಎರಡು ಪಟ್ಟು 4 ಓಮಿನಿಂದ ಭಾಗಿಸಿದರೆ ಬರುವುದು 24.5 ವ್ಯಾಟ್. ಅರೆವಾಹಕಗಳು ತಮ್ಮ ಪಾಲು ನುಂಗಿದ ಮೇಲೆ 20ರ ಒಳಗೆ ಉಳಿಯುತ್ತದೆ. ಬ್ರಿಡ್ಜ್ ಇಲ್ಲದ ಬೋರ್ಡಾದರೆ ಆರೇ ವ್ಯಾಟ್. ರಿಪೇರಿ ಅಂಗಡಿಗಳಲ್ಲಿ ಮನೆಮಾತಾದ 4440 ಐಸಿಯನ್ನೇ ನೋಡಿ. ಜಪಾನಿನ ಸ್ಯಾನ್ಯೋ ಕಂಪನಿ ಅದಕ್ಕೆ ಕೊಟ್ಟಿದ್ದ ಅಂಕಿ ಎರಡು ಚಾನೆಲ್ಲಿಗೆ ತಲಾ 6 ವ್ಯಾಟ್, ಬ್ರಿಡ್ಜ್ ಮಾಡಿದರೆ 19 ವ್ಯಾಟ್, ಅದೂ ಶೇಕಡ 10ರಷ್ಟು ವಿರೂಪ ಸೇರಿಸಿಕೊಂಡು.

ಈ ಚಾವಣಿಗೆ ತಲೆ ತಾಗಿದಾಗ ಏನಾಗುತ್ತದೆ ಎಂಬುದೇ ಕರ್ಕಶತೆಯ ಕಥೆಯ ನಡುಭಾಗ. ನುಣುಪಾಗಿ ಏರಿಳಿಯಬೇಕಾದ ತರಂಗದ ತುದಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಅಂಗಡಿಯವರು ಇದನ್ನು “ಕ್ಲಿಪ್ ಆಗತೈತಿ”, “ಸೌಂಡ್ ಒಡಿತೈತಿ” ಎನ್ನುತ್ತಾರೆ. ಯಾವುದೇ ಆಕಾರದ ತರಂಗವನ್ನೂ ಶುದ್ಧ ಸ್ವರಗಳ ಮೊತ್ತವಾಗಿ ಬಿಡಿಸಬಹುದೆಂದು ಫ್ರಾನ್ಸಿನ ಜೋಸೆಫ್ ಫೂರಿಯೇ 1822ರ ತನ್ನ ಗ್ರಂಥದಲ್ಲಿ ತೋರಿಸಿದ. ಹಾಗೆ ಬಿಡಿಸಿದರೆ, ಚಪ್ಪಟೆಯಾದ 1000 ಹರ್ಟ್ಸಿನ ಸ್ವರದೊಳಗೆ 3000, 5000, 7000 ಹರ್ಟ್ಸಿನ ಉಪಸ್ವರಗಳು ಸಿಗುತ್ತವೆ. ಇವು ಹಾಡಿನಲ್ಲಿ ಇರಲೇ ಇಲ್ಲ, ಆಂಪ್ಲಿಫೈಯರ್ ಹುಟ್ಟಿಸಿದವು. ಹುಟ್ಟಿದ್ದೂ ಎಲ್ಲಿ? ಬಹುಪಾಲು ಕಿವಿ ಅತಿ ಚುರುಕಾಗಿರುವ ಅದೇ ಪಟ್ಟಿಯಲ್ಲಿ.

ಬೇಸ್ ಏರಿಸುವ ಸಲಹೆ ಯಾಕೆ ತಿರುಗುಬಾಣವಾಗುತ್ತದೆ ಎಂಬುದು ಈಗ ಸ್ಪಷ್ಟ. ಬೇಸನ್ನು 10 ಡೆಸಿಬಲ್ ಏರಿಸುವುದೆಂದರೆ ಆ ಸ್ವರಕ್ಕೆ ಹತ್ತು ಪಟ್ಟು ಶಕ್ತಿ ಕೇಳುವುದು. ಇರುವ 20 ವ್ಯಾಟೂ ಅಲ್ಲೇ ಖರ್ಚಾಗಿ, ತರಂಗ ಚಾವಣಿಗೆ ಬಡಿದು, ಹೊಸ ಚೂಪುಸ್ವರಗಳು ಹುಟ್ಟುತ್ತವೆ. ಸವಾರ ಟ್ರೆಬಲ್ ಇಳಿಸಿದ್ದರೂ ಪ್ರಯೋಜನವಿಲ್ಲ. ಟೋನ್ ಗುಂಡಿ ಕೆಲಸ ಮಾಡುವುದು ಆಂಪ್ಲಿಫೈಯರಿಗಿಂತ ಮುಂಚೆ, ಕೊಳೆ ಸೇರುವುದು ಅದರೊಳಗೆ. ಮೇಲುಸ್ವರ ನುಡಿಸುವ ಪುಟ್ಟ ಸ್ಪೀಕರಾದ ಟ್ವೀಟರ್ ಸುಟ್ಟುಹೋಗುವುದೂ ಹೀಗೆಯೇ. ಪೂರ್ತಿ ಚೌಕಾಕಾರವಾದ ತರಂಗದಲ್ಲಿ ಅಷ್ಟೇ ಎತ್ತರದ ನುಣುಪು ತರಂಗದ ಎರಡರಷ್ಟು ಶಕ್ತಿ ಇರುತ್ತದೆ, ಅದರ ಮೇಲುಸ್ವರಗಳ ಪಾಲು ನೇರವಾಗಿ ಟ್ವೀಟರಿನ ಕೂದಲೆಳೆಯ ಸುರುಳಿಗೆ ಹೋಗುತ್ತದೆ.

ಬಯಲು ಮತ್ತು ಕಲ್ಲು

ಮನೆಯಲ್ಲಿ ಇಂಪಾಗಿದ್ದ ಸ್ಪೀಕರು ಬೈಕಿಗೇರಿದ ಕೂಡಲೇ ಬಡವಾಗುವುದೇಕೆ ಎಂದು ತಿಳಿಯಲು ಪಟ್ಟದಕಲ್ಲಿಗಿಂತ ಒಳ್ಳೆಯ ಪಾಠಶಾಲೆ ಸಿಗಲಾರದು. ಇಲ್ಲಿ ನಾಲ್ಕು ಹೆಜ್ಜೆಯ ಅಂತರದಲ್ಲಿ ಎರಡು ಧ್ವನಿಲೋಕಗಳಿವೆ: ಮಲಪ್ರಭೆಯ ಬಯಲು, ವಿರೂಪಾಕ್ಷ ದೇವಾಲಯದ ಕಲ್ಲಿನ ಮಂಟಪ.

ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದ ನಡುಭಾಗದಲ್ಲಿ, ಸುಮಾರು ಕ್ರಿ.ಶ. 740ರ ವೇಳೆಗೆ, ಈ ದೇವಾಲಯವನ್ನು ಕಟ್ಟಿಸಿದಳು. ಇಲ್ಲಿನ ಶಾಸನವೊಂದು ಸ್ಥಳದ ಗಾಯಕರ ವಿಷಯ ಹೇಳುತ್ತದೆ: ಹಿಂದಿನ ದೊರೆ ವಿಜಯಾದಿತ್ಯ ಆ ಗಾಯಕರಿಗೆ ಕೊಟ್ಟಿದ್ದ ದತ್ತಿಗಳನ್ನು ಲೋಕಮಹಾದೇವಿ ಮುಂದುವರಿಸಿ ದೃಢಪಡಿಸಿದಳು. ಯುನೆಸ್ಕೊ 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಈ ಊರಿನಲ್ಲಿ ಹಾಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ರಾಜಮನ್ನಣೆಯ ವೃತ್ತಿಯಾಗಿತ್ತು.

ಆ ಗಾಯಕರು ಮಂಟಪದೊಳಗೆ ದನಿ ತೆಗೆದಾಗ ಏನಾಗಿರಬೇಕು? ಮರಳುಗಲ್ಲು ಶಬ್ದವನ್ನು ಬಹಳ ಕಡಿಮೆ ಹೀರುತ್ತದೆ, ಉಳಿದದ್ದನ್ನೆಲ್ಲ ಹಿಂದಿರುಗಿಸುತ್ತದೆ. ಹಾಡಿದ ಸ್ವರ ಗೋಡೆ, ನೆಲ, ಮೇಲ್ಛಾವಣಿಗಳಿಂದ ಮರಳಿ ಮರಳಿ ಬಂದು ಕಿವಿಯಲ್ಲಿ ಕೂಡಿಕೊಳ್ಳುತ್ತದೆ. ರಾಮಾಯಣ, ಮಹಾಭಾರತದ ಕಥೆ ಕೆತ್ತಿದ ಕಂಬಗಳ ಏರುತಗ್ಗುಗಳು ಕಿರಿದಾದ ತರಂಗಗಳನ್ನು ದಿಕ್ಕುದಿಕ್ಕಿಗೆ ಚದುರಿಸುತ್ತವೆ. 3000 ಹರ್ಟ್ಸಿನ ತರಂಗಾಂತರ ಹನ್ನೆರಡು ಸೆಂಟಿಮೀಟರಿನಷ್ಟು, ಶಿಲ್ಪದ ಉಬ್ಬುತಗ್ಗುಗಳ ಅಳತೆಗೆ ಹತ್ತಿರ. ಹಾಗಾಗಿ ಚೂಪು ಒಂದೇ ದಿಕ್ಕಿನಿಂದ ಬಂದು ತಿವಿಯುವುದಿಲ್ಲ. ಶಿಲ್ಪಿಗಳು ಕೆತ್ತಿದ್ದು ಕಥೆಗಾಗಿ. ಶಬ್ದ ಚದುರುವುದು ಭೌತನಿಯಮದಿಂದ. ಕೋಣೆಯ ಗಾತ್ರ ಹೆಚ್ಚಿದಂತೆ, ಹೀರುವಿಕೆ ಕಡಿಮೆಯಾದಂತೆ ಸದ್ದು ಹೆಚ್ಚು ಹೊತ್ತು ಉಳಿಯುತ್ತದೆ ಎಂಬ ನಿಯಮವನ್ನು ಹಾರ್ವರ್ಡಿನ ವಾಲೇಸ್ ಸಬೀನ್ 1895ರಿಂದ ನಡೆಸಿದ ಅಳತೆಗಳಲ್ಲಿ ಕಂಡುಕೊಂಡ.

ಹೊರಗೆ ಬಂದರೆ ಇದೆಲ್ಲ ಇಲ್ಲ. ಬಯಲಿನಲ್ಲಿ ದೂರ ಎರಡರಷ್ಟಾದ ಹಾಗೆಲ್ಲ ಸದ್ದು 6 ಡೆಸಿಬಲ್ ಬೀಳುತ್ತದೆ, ಬಿದ್ದದ್ದನ್ನು ಎತ್ತಿಕೊಡಲು ಗೋಡೆ ಇಲ್ಲ. ಮನೆಯ ಕೋಣೆಯಲ್ಲಿ ಮೂಲೆಗಳು ಬೇಸನ್ನು ಬಲಪಡಿಸುತ್ತಿದ್ದವು, ಬೈಕಿನ ಸುತ್ತ ಮೂಲೆಯೇ ಇಲ್ಲ. ಇರುವ ಒಂದೆರಡು ಗಟ್ಟಿ ಮೈಗಳು, ಪೆಟ್ರೋಲ್ ಟ್ಯಾಂಕು, ಮುಂದಿನ ವೈಸರು, ಸಹಾಯದ ಬದಲು ಉಪದ್ರವ ಕೊಡುತ್ತವೆ. ನೇರವಾಗಿ ಬಂದ ಸದ್ದಿಗಿಂತ ಟ್ಯಾಂಕಿನಿಂದ ಪುಟಿದ ಸದ್ದು 17 ಸೆಂಟಿಮೀಟರ್ ಹೆಚ್ಚು ದೂರ ಬಂದರೆ, 1000 ಹರ್ಟ್ಸಿನ ಆಸುಪಾಸಿನಲ್ಲಿ ಎರಡೂ ಒಂದನ್ನೊಂದು ಅಳಿಸುತ್ತವೆ, 2000ದ ಬಳಿ ಕೂಡಿಕೊಂಡು ಉಬ್ಬುತ್ತವೆ. ಧ್ವನಿಯ ಮೈ ಹೋಗಿ ಚೂಪು ಉಳಿಯುತ್ತದೆ.

ಟ್ಯೂನಿಂಗಿನ ಕ್ರಮ

ಇಷ್ಟು ತಿಳಿದ ಮೇಲೆ ಕೆಲಸ ಹಾಡು ಹುಟ್ಟುವ ಕಡೆಯಿಂದ ಕಿವಿಯ ಕಡೆಗೆ ಸಾಗಬೇಕು. ಸ್ವರಪಟ್ಟಿಗಳನ್ನು ಬೇರೆಬೇರೆಯಾಗಿ ಏರಿಳಿಸುವ ಈಕ್ವಲೈಜರ್ ಕಟ್ಟಕಡೆಗೆ.

ಮೊದಲು ಹಾಡಿನ ಫೈಲು. ಕೈಯಿಂದ ಕೈಗೆ ದಾಟುತ್ತ ಮತ್ತೆ ಮತ್ತೆ ಹಿಂಡಿಸಿಕೊಂಡ ಎಂಪಿ3ಗಳಲ್ಲಿ ಮೇಲುಸ್ವರಗಳು ಆಗಲೇ ಹರಿದಿರುತ್ತವೆ. ಅವನ್ನು ಯಾವ ಸ್ಪೀಕರೂ ಹೊಲಿಯಲಾರದು. ಒಳ್ಳೆಯ ಮುದ್ರಣವೊಂದನ್ನು ಪರೀಕ್ಷೆಗೆಂದೇ ಇಟ್ಟುಕೊಳ್ಳಬೇಕು. ಹೆಚ್ಚು ವಾದ್ಯಗಳಿಲ್ಲದ ಮನುಷ್ಯಧ್ವನಿ ಉತ್ತಮ. ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನದಂಥದ್ದಾದರೆ ತಪ್ಪು ಕೂಡಲೇ ಕಿವಿಗೆ ಬೀಳುತ್ತದೆ. ಫೋನಿನಲ್ಲಿ ಬೂಸ್ಟ್, ತ್ರೀಡಿ ಎಂಬ ಹೆಸರಿನ ಎಲ್ಲ ಅಲಂಕಾರಗಳನ್ನೂ ಆರಿಸಬೇಕು.

ಎರಡನೆಯದು ವೈರು. ಎರಡು ಸ್ಪೀಕರುಗಳಲ್ಲಿ ಒಂದರ ತುದಿ ಅದಲುಬದಲಾಗಿದ್ದರೆ ಒಂದು ಮುಂದೂಡುವಾಗ ಇನ್ನೊಂದು ಹಿಂದೆಳೆದು ಬೇಸ್ ಮಾಯವಾಗುತ್ತದೆ. ಸ್ಪೀಕರಿನ ತಂತಿಯನ್ನು ಬೋರ್ಡಿನಿಂದ ಬಿಡಿಸಿ, 1.5 ವೋಲ್ಟಿನ ಸೆಲ್ಲನ್ನು ಒಂದು ಕ್ಷಣ ತಾಗಿಸಿದರೆ ಎರಡೂ ಕೋನುಗಳು ಒಂದೇ ದಿಕ್ಕಿಗೆ ಹಾರಬೇಕು. ಬ್ರಿಡ್ಜ್ ಬೋರ್ಡಿನಲ್ಲಿ ಸ್ಪೀಕರಿನ ಯಾವ ತಂತಿಯೂ ಗಾಡಿಯ ಚಾಸಿಗೆ ತಾಗಕೂಡದು. ವಿದ್ಯುತ್ತಿನ ವೈರು ತೆಳುವಾಗಿದ್ದರೆ ಡೊಳ್ಳಿನ ಪ್ರತಿ ಪೆಟ್ಟಿಗೂ ವೋಲ್ಟೇಜ್ ಕುಸಿದು ಚಾವಣಿ ಇನ್ನಷ್ಟು ಕೆಳಗಿಳಿಯುತ್ತದೆ. ದಪ್ಪ ತಾಮ್ರದ ವೈರನ್ನು ನೇರ ಬ್ಯಾಟರಿಯಿಂದ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕುವುದು ಒಳ್ಳೆಯ ಸದ್ದಿಗೂ ಬೇಕು, ಬೆಂಕಿಯಿಂದ ಕಾಪಾಡಿಕೊಳ್ಳಲೂ ಬೇಕು.

ಮೂರನೆಯದು ಪೆಟ್ಟಿಗೆ. ಸೋರದ ಪೆಟ್ಟಿಗೆ, ಸ್ಪೀಕರಿನ ಅಂಚಿಗೆ ಫೋಮಿನ ಪಟ್ಟಿ, ಒಳಗೆ ಒಂದಿಷ್ಟು ಹತ್ತಿ, ತೆಳು ಗೋಡೆಗೆ ಡಾಂಬರಿನ ಶೀಟು, ಬೋಲ್ಟಿಗೆ ರಬ್ಬರ್. ಬೆರಳಿನಿಂದ ತಟ್ಟಿದರೆ ಪೆಟ್ಟಿಗೆ ಟಣ್ ಎನ್ನದೆ ದಪ್ ಎನ್ನಬೇಕು.

ನಾಲ್ಕನೆಯದು ಸ್ವರಗಳ ಹಂಚಿಕೆ. ನಾಲ್ಕು ಇಂಚಿನ ಸ್ಪೀಕರಿನಿಂದ ಆಗದ ಕೆಲಸವನ್ನು ಅದಕ್ಕೆ ಕೊಡದಿರುವುದೇ ದಯೆ. 4 ಓಮಿನ ಸ್ಪೀಕರಿನ ಸಾಲಿನಲ್ಲಿ 330 ಮೈಕ್ರೋಫ್ಯಾರಡ್‌ನ ನಾನ್‌ಪೋಲಾರ್ ಕೆಪ್ಯಾಸಿಟರ್ ಕೂಡಿಸಿದರೆ ಸುಮಾರು 120 ಹರ್ಟ್ಸಿಗಿಂತ ಕೆಳಗಿನದು ನಿಧಾನವಾಗಿ ಕಡಿಮೆಯಾಗುತ್ತದೆ. ಕೋನಿನ ಒದರಾಟ ನಿಂತು ಧ್ವನಿ ತಿಳಿಯಾಗುತ್ತದೆ. ಗಾಳಿ ಹೇಗೂ ನುಂಗಲಿದ್ದ ಸ್ವರವದು. 4 ಓಮಿನ ಟ್ವೀಟರ್ ಇದ್ದರೆ ಅದಕ್ಕೆ 10 ಮೈಕ್ರೋಫ್ಯಾರಡ್, ಸುಮಾರು 4000 ಹರ್ಟ್ಸಿನಿಂದ ಮೇಲಕ್ಕೆ. ಆದರೂ ತಿವಿಯುತ್ತಿದ್ದರೆ ಟ್ವೀಟರಿನ ಸಾಲಿಗೆ 4 ಓಮಿನ ವೈರ್‌ವೂಂಡ್ ರೆಸಿಸ್ಟರ್ ಸೇರಿಸಿದರೆ ಅದರ ಸದ್ದು 6 ಡೆಸಿಬಲ್ ಇಳಿಯುತ್ತದೆ. ಆಗ ಒಟ್ಟು ಹೊರೆ 8 ಓಮ್ ಆಗುವುದರಿಂದ ಕೆಪ್ಯಾಸಿಟರನ್ನು 4.7ಕ್ಕೆ ಬದಲಿಸಬೇಕು. ಬದಲಿಸದಿದ್ದರೆ ಟ್ವೀಟರ್ 2000 ಹರ್ಟ್ಸಿನಿಂದಲೇ ದುಡಿಯತೊಡಗಿ ಮತ್ತೆ ಅರಚುತ್ತದೆ.

ಐದನೆಯದು ಗೇನ್, ಅಂದರೆ ಬೋರ್ಡು ಸದ್ದನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಹೊಂದಿಕೆ. ಫೋನಿನ ವಾಲ್ಯೂಮನ್ನು ಮುಕ್ಕಾಲಿಗೂ ತುಸು ಮೇಲಿಟ್ಟು, 400 ಹರ್ಟ್ಸಿನ ಶುದ್ಧ ಸ್ವರವೊಂದನ್ನು ನುಡಿಸುತ್ತ ಬೋರ್ಡಿನ ಗೇನನ್ನು ನಿಧಾನವಾಗಿ ಏರಿಸಬೇಕು. ಕೊಳಲಿನಂತಿದ್ದ ಸ್ವರ ಯಾವ ಗಳಿಗೆಯಲ್ಲಿ ಶಹನಾಯಿಯಂತೆ ಮೂಗುಸ್ವರವಾಗುತ್ತದೋ ಅಲ್ಲಿ ಚಾವಣಿ ತಾಗಿದೆ. ಅಲ್ಲಿಂದ ಸ್ವಲ್ಪ ಇಳಿಸಿ ಬಿಡಬೇಕು. ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. 4 ಓಮಿನ ಸ್ಪೀಕರಿನ ತುದಿಗಳಲ್ಲಿ ಎಸಿ 6.3 ವೋಲ್ಟ್ ತೋರಿದರೆ ಅದು 10 ವ್ಯಾಟ್, ಬೈಕಿನ ಸವಾರನಿಗೆ ಧಾರಾಳ.

ಆರನೆಯದು ದಿಕ್ಕು. ತರಂಗಾಂತರ ಕೋನಿನ ಅಗಲಕ್ಕೆ ಸಮನಾಗುತ್ತ ಬಂದಂತೆ ಸದ್ದು ಟಾರ್ಚಿನ ಬೆಳಕಿನ ಹಾಗೆ ನೇರವಾಗಿ ಸಾಗುತ್ತದೆ. ನಾಲ್ಕು ಇಂಚಿನ ಕೋನಿಗೆ ಇದು ಸುಮಾರು 3500 ಹರ್ಟ್ಸಿನ ಆಚೀಚೆ. ಸ್ಪೀಕರಿನ ಮುಖವನ್ನು ಕಿವಿಯ ನೇರದಿಂದ 20–30 ಡಿಗ್ರಿ ಆಚೆ ತಿರುಗಿಸಿದರೆ ಚೂಪಿನ ಪಾಲು ಬೇರೆಡೆ ಹೋಗುತ್ತದೆ, ಉಳಿದದ್ದು ಕಿವಿಗೆ ಬರುತ್ತದೆ. ಖರ್ಚಿಲ್ಲದ ಈ ಉಪಾಯ ಎಷ್ಟೋ ಸಲ ಈಕ್ವಲೈಜರಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಈಗ ಈಕ್ವಲೈಜರ್. ಇದನ್ನು ಏರಿಸಲು ಬಳಸಬಾರದು, ಇಳಿಸಲು ಬಳಸಬೇಕು. ತಿವಿತ ಎಲ್ಲಿದೆ ಎಂಬುದನ್ನು ಹಾಡೇ ಹೇಳುತ್ತದೆ. ‘ಸ’, ‘ಶ’ ಅಕ್ಷರಗಳು ಸೀಟಿಯಂತೆ ಚುಚ್ಚಿದರೆ ತೊಂದರೆ 6000ದಿಂದ 8000 ಹರ್ಟ್ಸಿನಲ್ಲಿ. ಹಾರ್ಮೋನಿಯಂ, ಹೆಣ್ಣುದನಿಯ ತಾರಸ್ಥಾಯಿ ಕೊರೆದರೆ 3000ದ ಆಸುಪಾಸು. ಧ್ವನಿ ಡಬ್ಬದೊಳಗಿನಿಂದ ಬಂದಂತಿದ್ದರೆ 1000ದ ಸುತ್ತ. ತಪ್ಪಿರುವ ಪಟ್ಟಿಯನ್ನು 3–4 ಡೆಸಿಬಲ್ ಇಳಿಸಿ, ಕಿವಿಗೆ ಸ್ವಲ್ಪ ಬಿಡುವು ಕೊಟ್ಟು ಮತ್ತೆ ಕೇಳಬೇಕು. ದಣಿದ ಕಿವಿ ಚೂಪನ್ನು ಗುರುತಿಸದು. ಕೊನೆಯ ಪರೀಕ್ಷೆ ದಿನವೂ ಓಡಿಸುವ ವೇಗದಲ್ಲಿ, ಹೆಲ್ಮೆಟ್ ಹಾಕಿಕೊಂಡು, ಖಾಲಿ ದಾರಿಯಲ್ಲಿ ನಡೆಯಬೇಕು. ಗುಂಡಿ ತಿರುಗಿಸುವುದು ಮಾತ್ರ ಗಾಡಿ ನಿಲ್ಲಿಸಿದ ಮೇಲೆ.

ಮಾರುವವರ ಮೈಕು

ಹಾಡಿನ ಬೈಕುಗಳ ಜೊತೆ ಈ ಸೀಮೆಯ ದಾರಿಗಳಲ್ಲಿ ಇನ್ನೊಂದು ಬಗೆಯ ಸೌಂಡ್ ಸಿಸ್ಟಮ್ಮೂ ಓಡಾಡುತ್ತದೆ. ಉಳ್ಳಾಗಡ್ಡಿ, ಹಾಸಿಗೆ, ಪಾತ್ರೆ ಕಟ್ಟಿಕೊಂಡು ಊರೂರು ಸುತ್ತುವ ವ್ಯಾಪಾರಿಗಳ ಬೈಕಿನ ಮೇಲೆ, ರೆಕಾರ್ಡ್ ಮಾಡಿದ ಕೂಗನ್ನು ಹೇಳುತ್ತಲೇ ಇರುವ ಮೈಕು. ಇವರಿಗೆ ಬೇಕಾದ್ದು ಇಂಪಲ್ಲ. ಓಣಿಯ ಕೊನೆಯ ಮನೆಗೆ ಮಾತು ಅರ್ಥವಾಗಬೇಕು. ಟೆಲಿಫೋನ್ ಎಂಜಿನಿಯರುಗಳು ಬಹಳ ಹಿಂದೆಯೇ ಕಂಡುಕೊಂಡಂತೆ ಮಾತು ತಿಳಿಯಲು 300ರಿಂದ 3400 ಹರ್ಟ್ಸ್ ಸಾಕು. ಅಗಲ ಬಾಯಿಯ ಹಾರ್ನ್ ಸ್ಪೀಕರು ಆ ಪಟ್ಟಿಯಲ್ಲಿ ಗಾಳಿಯನ್ನು ಚೆನ್ನಾಗಿ ಹಿಡಿಯುತ್ತದೆ, ಕಡಿಮೆ ವ್ಯಾಟಿನಲ್ಲಿ ದೂರ ಮುಟ್ಟಿಸುತ್ತದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಪ್ರಚಾರದ ಮಾತು ಗದ್ದಲವನ್ನು ಸೀಳಿಕೊಂಡು ಬರುವುದೂ ಇದರ ಬಲದಿಂದಲೇ.

ಹಾಡಿಗೆ ಅದೇ ಹಾರ್ನ್ ಕಟ್ಟಿದರೆ ಕರ್ಕಶವಾಗುವುದು ಸಹಜ. ಆದರೆ ಮಾತಿನ ಮೈಕೂ ಕಿರುಚಬೇಕಾಗಿಲ್ಲ. ಅಲ್ಲೂ ತಪ್ಪು ಹೆಚ್ಚಾಗಿ ಗೇನಿನದು. ತರಂಗದ ತುದಿ ಕತ್ತರಿಸಿದಾಗ ‘ಸ’ಕ್ಕೂ ‘ಶ’ಕ್ಕೂ ‘ಚ’ಕ್ಕೂ ವ್ಯತ್ಯಾಸ ಅಳಿಸಿಹೋಗಿ, ಜೋರು ಹೆಚ್ಚಿದಷ್ಟೂ ಮಾತು ತಿಳಿಯದಂತಾಗುತ್ತದೆ. ರೆಕಾರ್ಡ್ ಮಾಡುವ ಮೈಕ್ರೋಫೋನನ್ನು ಬಾಯಿಯಿಂದ ಒಂದು ಗೇಣು ದೂರವಿಟ್ಟು, ಗದ್ದಲವಿಲ್ಲದ ಕೋಣೆಯಲ್ಲಿ ಬಿಡಿಸಿ ಹೇಳಿ ರೆಕಾರ್ಡ್ ಮಾಡಿ, ಸದ್ದನ್ನು ಸ್ವಲ್ಪ ಇಳಿಸಿದರೆ ಕೂಗು ಮುಂಚಿಗಿಂತ ದೂರ ಅರ್ಥವಾಗುತ್ತದೆ. ಇಡೀ ದಿನ ಆ ಮೈಕಿನ ಪಕ್ಕದಲ್ಲೇ ಕೂರುವ ವ್ಯಾಪಾರಿಯ ಕಿವಿಗೂ ಅದು ಉಪಕಾರ.

ಎಷ್ಟು ಸಾಕು?

ಕಿವಿಯ ಒಳಗಿನ ಶಂಖದಲ್ಲಿರುವ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಅಮೆರಿಕದ ವೃತ್ತಿ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ ಹಾಕಿಕೊಟ್ಟ ಮಿತಿಯಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ ಒಂದೇ ಗಂಟೆ. ಗಾಳಿಯೇ 90 ದಾಟುವ ಕಡೆ ಅದನ್ನು ಮೀರಿಸಲು ಹಾಡು ಏರಿಸುವುದು ಸೋಲುವ ಪಂದ್ಯ. ವೇಗ 10 ಕಿಲೋಮೀಟರ್ ಇಳಿಸುವುದು ಗೆಲ್ಲುವ ದಾರಿ. ಆರನೆಯ ಘಾತದ ನಿಯಮ ಇಳಿಯುವಾಗಲೂ ಅಷ್ಟೇ ಪ್ರಾಮಾಣಿಕ: 70ರಿಂದ 60ಕ್ಕೆ ಬಂದರೆ ಗಾಳಿಸದ್ದು ಸುಮಾರು 4 ಡೆಸಿಬಲ್ ಕಡಿಮೆಯಾಗುತ್ತದೆ, ಎರಡು ಪಟ್ಟಿಗೂ ಹೆಚ್ಚು ವ್ಯಾಟಿನ ಆಂಪ್ಲಿಫೈಯರ್ ಕೊಂಡಷ್ಟು ಲಾಭ.

ಊರಿನವರ ಕಿವಿಯ ಲೆಕ್ಕವೂ ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಇಟ್ಟ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ವಿರೂಪಾಕ್ಷದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಪಕ್ಕದಲ್ಲೇ ಮನೆಗಳಿವೆ, ಓದುವ ಮಕ್ಕಳಿದ್ದಾರೆ. ನಿಂತ ಕೂಡಲೇ ವಾಲ್ಯೂಮ್ ಇಳಿಸುವುದು ಈ ಊರಿಗೆ ಬಂದವರು ತೋರಬಹುದಾದ ಮೊದಲ ಮರ್ಯಾದೆ. ಹಿಂದಿನಿಂದ ಬರುವ ಕಬ್ಬಿನ ಟ್ರ್ಯಾಕ್ಟರಿನ ಹಾರ್ನು ಕೇಳಿಸದಷ್ಟು ಜೋರಾದ ಹಾಡು ಎಷ್ಟೇ ಇಂಪಾಗಿದ್ದರೂ ತಪ್ಪಾಗಿ ಟ್ಯೂನ್ ಆದ ಹಾಡೇ.

ಸದ್ದು ಒಡೆದಿದ್ದಾಗ ನಾವು ಜೋರು ಮಾಡುತ್ತೇವೆ, ಯಾಕೆಂದರೆ ಹಾಡಿನಲ್ಲಿ ಏನೋ ಕಾಣೆಯಾಗಿದೆ ಎಂದು ಕಿವಿಗೆ ಗೊತ್ತು. ಪೆಟ್ಟಿಗೆ ಬಿಗಿಯಾಗಿ, ತರಂಗದ ತುದಿ ಉಳಿದು, ಸ್ವರಗಳ ಹಂಚಿಕೆ ಸರಿಯಾದಾಗ ಆ ಹುಡುಕಾಟ ನಿಲ್ಲುತ್ತದೆ. ಹಾಗಾಗಿ ಟ್ಯೂನಿಂಗ್ ಗೆದ್ದಿತೋ ಇಲ್ಲವೋ ಎಂದು ತಿಳಿಯಲು ಮೀಟರು ಬೇಕಿಲ್ಲ. ಅದೇ ದಾರಿ, ಅದೇ ವೇಗ, ಅದೇ ಹಾಡು. ಹಿಂದಿನ ವಾರಕ್ಕಿಂತ ವಾಲ್ಯೂಮ್ ಎರಡು ಗೆರೆ ಕೆಳಗಿದ್ದೂ ಹಾಡು ತುಂಬಿ ಕೇಳಿಸುತ್ತಿದ್ದರೆ ಕೆಲಸ ಸರಿಯಾಗಿದೆ. ಮೊದಲಿಗಿಂತ ಮೇಲಿದ್ದರೆ, ಮತ್ತೆ ಮೊದಲನೆಯ ಹಂತದಿಂದ ನೋಡಿಕೊಂಡು ಬರಬೇಕು.